ಪೋರ್ಚುಗೀಸ್ ನಾಮಪದದ ‘ಮೂರು ವಿಕಾರಗಳು’: ಬೋಧನಕ್ರಮದ ಒಂದು ವಿಮರ್ಶೆ

೧

ಪೋರ್ಚುಗೀಸ್ ಭಾಷೆಯನ್ನು ಕಲಿಸುವ ಪಠ್ಯಗಳಲ್ಲಿ ನಾಮಪದದ ಅಧ್ಯಾಯವು ಬಹುಮಟ್ಟಿಗೆ ಒಂದೇ ಕ್ರಮದಲ್ಲಿ ಸಾಗುತ್ತದೆ. ಮೊದಲು ಲಿಂಗ, ಅನಂತರ ವಚನ, ಕೊನೆಯಲ್ಲಿ ‘ಗ್ರಾವು’ ಅಥವಾ ಪರಿಮಾಣ. ಪರಿಮಾಣದೊಳಗೆ ಮಹದರ್ಥಕ ಮತ್ತು ಅಲ್ಪಾರ್ಥಕ ಎಂಬ ಎರಡು ಭೇದಗಳು. ಹುಡುಗ ಎಂಬರ್ಥದ ‘ಮೆನೀನು’ ಸ್ತ್ರೀಲಿಂಗದಲ್ಲಿ ‘ಮೆನೀನ’, ಬಹುವಚನದಲ್ಲಿ ‘ಮೆನೀನುಸ್’, ಅಲ್ಪಾರ್ಥದಲ್ಲಿ ‘ಮೆನಿನೀನ್ಯು’ ಎಂದಾಗುವುದಾಗಿ ಒಂದೇ ಉಸಿರಿನಲ್ಲಿ ಹೇಳಿ, ಇವು ಮೂರೂ ಒಂದೇ ಜಾತಿಯ ವಿಕಾರಗಳೆಂಬ ಭಾವನೆಯನ್ನು ವಿದ್ಯಾರ್ಥಿಯ ಮನಸ್ಸಿನಲ್ಲಿ ನೆಲೆಗೊಳಿಸಲಾಗುತ್ತದೆ. ೧೯೫೯ರಲ್ಲಿ ಬ್ರೆಜಿಲಿನ ಶಿಕ್ಷಣ ಸಚಿವಾಲಯವು ಶಾಲೆಗಳಿಗಾಗಿ ಶಿಫಾರಸು ಮಾಡಿದ ವ್ಯಾಕರಣ ಪರಿಭಾಷೆಯೂ ಲಿಂಗ, ವಚನ, ಪರಿಮಾಣ ಮೂರನ್ನೂ ನಾಮಪದದ ರೂಪವಿಕಾರಗಳೆಂದೇ ಎಣಿಸಿತು. ಈ ಏರ್ಪಾಡು ಭಾಷೆಯ ಸ್ವರೂಪಕ್ಕೆ ಒಪ್ಪುವುದಿಲ್ಲವೆಂಬುದನ್ನೂ, ಕನ್ನಡ ಬಲ್ಲ ವಿದ್ಯಾರ್ಥಿಗೆ ಅದು ವಿಶೇಷವಾಗಿ ತೊಡಕನ್ನು ತರುತ್ತದೆಂಬುದನ್ನೂ ಈ ಲೇಖನದಲ್ಲಿ ತೋರಿಸಲು ಉದ್ದೇಶಿಸಿದ್ದೇವೆ.

ವಿಷಯವು ನಮಗೆ ತೀರ ಪರಕೀಯವಾದುದಲ್ಲ. ೧೯೬೧ರವರೆಗೆ ಪೋರ್ಚುಗೀಸ್ ಆಳ್ವಿಕೆಯಲ್ಲಿದ್ದ ಗೋವೆ ನಮ್ಮ ನೆರೆಯ ನಾಡು. ಕರಾವಳಿಯ ‘ಇಗರ್ಜಿ’, ‘ಪಾದ್ರಿ’, ‘ಬಟಾಟೆ’, ‘ಚಾವಿ’ಗಳು ಆ ಭಾಷೆಯಿಂದ ಬಂದವು. ತೋಮಸ್ ಸ್ಟೀಫನ್ಸ್ ಪೋರ್ಚುಗೀಸಿನಲ್ಲಿ ಬರೆದ ಕೊಂಕಣಿ ವ್ಯಾಕರಣವು ಅವನ ಮರಣಾನಂತರ ೧೬೪೦ರಲ್ಲಿ ರಾಚೋಲಿನಲ್ಲಿ ಅಚ್ಚಾಯಿತು. ಅದರ ಹೆಸರಿನಲ್ಲಿರುವ ‘ಕಾನಾರಿಂ’ ಎಂಬುದು ಕನ್ನಡವಲ್ಲ, ಕೊಂಕಣಿ. ಎರಡು ಲಿಂಗಗಳ ಭಾಷೆಯನ್ನಾಡುವವರು ಮೂರು ಲಿಂಗಗಳ ಭಾಷೆಯನ್ನು ಕಲಿಯಲು ಅಂದು ಪಟ್ಟ ಶ್ರಮಕ್ಕೆ ಆ ಗ್ರಂಥವು ಸಾಕ್ಷಿ. ಇಂದು ನಮ್ಮವರು ಪಡುವ ಶ್ರಮ ಅದರ ತಿರುಗುಮುರುಗು.

ಮುಂದಿನ ಉದಾಹರಣೆಗಳಲ್ಲಿ ಪೋರ್ಚುಗೀಸ್ ಪದಗಳನ್ನು ಉಚ್ಚಾರಕ್ಕೆ ಆದಷ್ಟು ಸಮೀಪವಾಗಿ ಕನ್ನಡ ಲಿಪಿಯಲ್ಲಿ ಬರೆದಿದ್ದೇವೆ. ಬರಹದ ಪದಾಂತ್ಯ ಒಕಾರವು ಉಚ್ಚಾರದಲ್ಲಿ ಉಕಾರವಾಗುವುದರಿಂದ ಇಲ್ಲಿಯೂ ಉಕಾರವೇ ಕಾಣುವುದು. ನಾಮಪದದ ಹಿಂದೆ ನಿಲ್ಲುವ ಉಪಪದವು ಪುಲ್ಲಿಂಗದಲ್ಲಿ ‘ಉ’, ಸ್ತ್ರೀಲಿಂಗದಲ್ಲಿ ‘ಅ’.

೨

ಲಿಂಗದ ವಿಚಾರವನ್ನು ಮೊದಲು ತೆಗೆದುಕೊಳ್ಳೋಣ. ಉಕಾರಾಂತಗಳು ಪುಲ್ಲಿಂಗ, ಅಕಾರಾಂತಗಳು ಸ್ತ್ರೀಲಿಂಗ ಎಂಬ ಸೂತ್ರದಿಂದ ಪಾಠ ಆರಂಭವಾಗುತ್ತದೆ. ‘ಉ ಲಿವ್ರು’ (ಪುಸ್ತಕ), ‘ಅ ಕಾಜ’ (ಮನೆ) ಎಂಬಲ್ಲಿ ಸೂತ್ರ ಸರಿಯೇ. ಆದರೆ ದಿನವೆಂಬ ‘ದಿಯ’, ಭೂಪಟವೆಂಬ ‘ಮಾಪ’, ಸಮಸ್ಯೆಯೆಂಬ ‘ಪ್ರೊಬ್ಲೇಮ’ ಇವೆಲ್ಲ ಅಕಾರಾಂತವಾಗಿಯೂ ಪುಲ್ಲಿಂಗಗಳು. ಬುಡಕಟ್ಟೆಂಬ ‘ತ್ರೀಬು’ ಉಕಾರಾಂತವಾಗಿಯೂ ಸ್ತ್ರೀಲಿಂಗ. ಪಠ್ಯಗಳು ಇವನ್ನು ಅಪವಾದಗಳ ಪಟ್ಟಿಗೆ ಸೇರಿಸಿ ಕೈತೊಳೆದುಕೊಳ್ಳುತ್ತವೆ. ಸೂತ್ರದಲ್ಲಿರುವ ದೋಷ ಅಪವಾದಗಳ ಸಂಖ್ಯೆಯದಲ್ಲ. ಪದದ ಕೊನೆಯ ಸ್ವರವು ಲಿಂಗದ ಕುರುಹು ಮಾತ್ರ, ಅದೂ ನಂಬಲಾಗದ ಕುರುಹು. ಲಿಂಗವು ನಿಜವಾಗಿ ವ್ಯಕ್ತವಾಗುವುದು ಉಪಪದದಲ್ಲಿಯೂ ಗುಣವಾಚಕದಲ್ಲಿಯೂ. ರಾಜಧಾನಿಯನ್ನು ‘ಅ ಕಪಿತಾಲ್’ ಎಂದೂ ಮೂಲಧನವನ್ನು ‘ಉ ಕಪಿತಾಲ್’ ಎಂದೂ ಹೇಳುವಾಗ ನಾಮಪದದಲ್ಲಿ ಒಂದಕ್ಷರದ ವ್ಯತ್ಯಾಸವೂ ಇಲ್ಲ. ಅರ್ಥವನ್ನು ಬೇರ್ಪಡಿಸುವುದು ಉಪಪದವೊಂದೇ.

ಕನ್ನಡಿಗನಿಗೆ ಇಲ್ಲಿ ಎರಡು ಕಷ್ಟಗಳಿವೆ. ಒಂದನೆಯದು, ನಮ್ಮಲ್ಲಿ ಲಿಂಗವು ಬಹುಮಟ್ಟಿಗೆ ಅರ್ಥವನ್ನನುಸರಿಸಿದ್ದು. ಬಟಾಟೆ, ಚಾವಿ, ಇಗರ್ಜಿಗಳು ಮೂಲದಲ್ಲಿ ಸ್ತ್ರೀಲಿಂಗಗಳಾದರೂ ಕನ್ನಡಕ್ಕೆ ಬಂದೊಡನೆ ನಪುಂಸಕಗಳಾದವು. ಬೇರೆ ದಾರಿಯೇ ಇರಲಿಲ್ಲ. ಎರಡನೆಯದು ಇನ್ನೂ ಸೂಕ್ಷ್ಮ. ನಮ್ಮಲ್ಲಿ ಲಿಂಗದ ಅನ್ವಯ ಕಾಣುವುದು ಕ್ರಿಯಾಪದದಲ್ಲಿ ಮತ್ತು ಸರ್ವನಾಮದಲ್ಲಿ. ಹುಡುಗ ಬಂದನು, ಹುಡುಗಿ ಬಂದಳು. ಗುಣವಾಚಕವು ಮಾತ್ರ ಅಲುಗುವುದಿಲ್ಲ. ಒಳ್ಳೆಯ ಹುಡುಗ, ಒಳ್ಳೆಯ ಹುಡುಗಿ. ಪೋರ್ಚುಗೀಸಿನಲ್ಲಿ ಇದಕ್ಕೆ ನೇರ ವಿರುದ್ಧ: ‘ಬಂದನು, ಬಂದಳು’ ಎರಡಕ್ಕೂ ಕ್ರಿಯಾರೂಪ ಒಂದೇ, ಗುಣವಾಚಕವೋ ಲಿಂಗಕ್ಕೆ ತಕ್ಕಂತೆ ಬದಲಾಗುವುದು. ವಿದ್ಯಾರ್ಥಿಯ ಗಮನವು ಸಹಜವಾಗಿಯೇ ವಾಕ್ಯದ ಕೊನೆಯಲ್ಲಿ ಕಾದಿರುತ್ತದೆ. ಅದು ಇರಬೇಕಾದದ್ದು ನಾಮಪದದ ಅಕ್ಕಪಕ್ಕದಲ್ಲಿ. ಪದಾಂತ್ಯದ ಸೂತ್ರವನ್ನು ಎಷ್ಟು ಸಲ ಕಂಠಪಾಠ ಮಾಡಿಸಿದರೂ ಈ ದೋಷ ನೀಗುವುದಿಲ್ಲ.

ಮಗುವೆಂಬರ್ಥದ ‘ಅ ಕ್ರಿಯಾಂಸ’ ಎಂಬ ಪದವು ಗಂಡುಮಗುವಿಗೂ ಹೆಣ್ಣುಮಗುವಿಗೂ ಒಂದೇ, ಯಾವಾಗಲೂ ಸ್ತ್ರೀಲಿಂಗ. ಸಾಕ್ಷಿಯೆಂಬ ‘ತೆಸ್ತೆಮೂನ್ಯ’, ಬಲಿಪಶುವೆಂಬ ‘ವೀತಿಮ’ ಹೀಗೆಯೇ. ಇದನ್ನು ವಿಚಿತ್ರವೆಂದು ಕಲಿಸುವವರುಂಟು. ‘ಮಗು ಅತ್ತಿತು’ ಎನ್ನುವ ಕನ್ನಡಿಗನಿಗೆ ಇದರಲ್ಲಿ ವಿಚಿತ್ರವೇನು? ಮಗು ಗಂಡಾಗಲಿ ಹೆಣ್ಣಾಗಲಿ ನಾವು ನಪುಂಸಕದಲ್ಲಿಯೇ ಹೇಳುವುದಿಲ್ಲವೆ? ವ್ಯಾಕರಣದ ಲಿಂಗ ಬೇರೆ, ದೇಹದ ಲಿಂಗ ಬೇರೆ ಎಂಬುದನ್ನು ಮನಗಾಣಿಸಲು ನಮ್ಮ ಈ ಒಂದು ಪದ ಸಾಕು.

ಈ ಎರಡರ ಬೆರಕೆಯನ್ನು ತೀವ್ರವಾಗಿ ಟೀಕಿಸಿದವರು ಬ್ರೆಜಿಲಿನ ಭಾಷಾವಿಜ್ಞಾನಿ ಜೊವಾಕಿಂ ಮಾತೊಸು ಕಾಮರ. ಗಂಡಸೆಂಬ ‘ಓಮೆಂ’ ಪದದ ಸ್ತ್ರೀಲಿಂಗ ರೂಪ ‘ಮುಲ್ಯೇರ್’ ಎಂದು ವ್ಯಾಕರಣಗಳು ಹೇಳುವುದುಂಟು. ಇವು ಒಂದೇ ಪದದ ಎರಡು ರೂಪಗಳಲ್ಲ, ತಮ್ಮ ತಮ್ಮ ಲಿಂಗವುಳ್ಳ ಎರಡು ಸ್ವತಂತ್ರ ಪದಗಳು ಎಂಬುದು ಅವರ ವಾದ. ನಮ್ಮ ದೃಷ್ಟಾಂತದಿಂದ ಹೇಳುವುದಾದರೆ, ‘ಗಂಡ’ ಎಂಬುದಕ್ಕೆ ಸ್ತ್ರೀಪ್ರತ್ಯಯ ಹತ್ತಿ ‘ಹೆಂಡತಿ’ ಆಯಿತೆಂದು ಯಾರೂ ಹೇಳುವುದಿಲ್ಲ.

೩

ವಚನದಲ್ಲಿ ಸ್ಥಿತಿ ಇದಕ್ಕಿಂತ ಹಸನು. ಸ್ವರಾಂತಗಳಿಗೆ ‘ಸ್’ ಹತ್ತುತ್ತದೆ. ‘ರ್’ ಮೊದಲಾದ ಕೆಲವು ವ್ಯಂಜನಾಂತಗಳಿಗೆ ‘ಎಸ್’. ಲಕಾರಾಂತಗಳಲ್ಲಿ ಲಕಾರ ಲೋಪವಾಗಿ ‘ಅನಿಮಾಲ್’ ಎಂಬುದು ‘ಅನಿಮಾಯ್ಸ್’ ಆಗುತ್ತದೆ. ಇವುಗಳ ಬಗ್ಗೆ ಹೆಚ್ಚು ಹೇಳಬೇಕಾದುದಿಲ್ಲ. ತೊಡಕಿರುವುದು ‘ಆಂವ್’ ಎಂಬ ಅನುನಾಸಿಕದಲ್ಲಿ ಕೊನೆಗೊಳ್ಳುವ ಪದಗಳಲ್ಲಿ. ಕೈಯೆಂಬ ‘ಮಾಂವ್’ ಬಹುವಚನದಲ್ಲಿ ‘ಮಾಂವ್ಸ್’. ರೊಟ್ಟಿಯೆಂಬ ‘ಪಾಂವ್’ (ನಮ್ಮ ಅಂಗಡಿಗಳ ‘ಪಾವ್’ ಇದೇ) ‘ಪಾಂಯ್ಸ್’. ಸಿಂಹವೆಂಬ ‘ಲಿಯಾಂವ್’ ‘ಲಿಯೋಂಯ್ಸ್’. ಏಕವಚನದಲ್ಲಿ ಒಂದೇ ಅಂತ್ಯ, ಬಹುವಚನದಲ್ಲಿ ಮೂರು. ಪಠ್ಯಗಳು ಮೂರು ಪಟ್ಟಿಗಳನ್ನು ಕೊಟ್ಟು ಬಾಯಿಪಾಠಕ್ಕೆ ಬಿಡುತ್ತವೆ.

ಕಾರಣವನ್ನು ತಿಳಿಸಿದರೆ ಭಾರ ಅರ್ಧ ಇಳಿಯುತ್ತದೆ. ಲ್ಯಾಟಿನಿನಲ್ಲಿ ಈ ಮೂರರ ಅಂತ್ಯಗಳು ಬೇರೆ ಬೇರೆಯಾಗಿದ್ದವು. ಮಧ್ಯಯುಗದ ಕೊನೆಯ ವೇಳೆಗೆ ಪೋರ್ಚುಗೀಸಿನ ಏಕವಚನದಲ್ಲಿ ಮೂರೂ ಕಲೆತು ಒಂದಾದವು. ಬಹುವಚನವು ಹಳೆಯ ಭೇದವನ್ನು ಉಳಿಸಿಕೊಂಡಿತು. ನೆರೆಯ ಸ್ಪ್ಯಾನಿಷಿನಲ್ಲಿ ಇಂದಿಗೂ ಇವು ‘ಮಾನೊ’, ‘ಪಾನ್’, ‘ಲೆಯೋನ್’ ಎಂದು ಬೇರೆಬೇರೆಯಾಗಿಯೇ ಇವೆ. ಹೀಗಾಗಿ ಪೋರ್ಚುಗೀಸಿನಲ್ಲಿ ಅಕ್ರಮವೆಂದು ತೋರುವುದು ಬಹುವಚನವಾದರೂ, ಗುರುತು ಕಳೆದುಕೊಂಡದ್ದು ಏಕವಚನ. ಈ ಮೂರರಲ್ಲಿ ‘ಓಂಯ್ಸ್’ ಎಂಬುದೇ ಅತ್ಯಂತ ವ್ಯಾಪಕ. ಅದನ್ನು ಸಾಮಾನ್ಯ ನಿಯಮವಾಗಿ ಕಲಿಸಿ, ಉಳಿದೆರಡನ್ನು ನಿತ್ಯಬಳಕೆಯ ಕೆಲವೇ ಪದಗಳ ಮೂಲಕ ಪರಿಚಯಿಸುವುದು ಮೇಲು.

ಇಲ್ಲಿಯೂ ಮುಖ್ಯವಾದುದು ಅನ್ವಯ. ‘ಹತ್ತು ಪುಸ್ತಕ’, ‘ನಾಲ್ಕು ಮರ’ ಎಂಬುವು ಕನ್ನಡದಲ್ಲಿ ಶುದ್ಧ ಪ್ರಯೋಗಗಳು. ಸಂಖ್ಯೆಯೇ ಬಹುತ್ವವನ್ನು ಹೇಳಿರುವಾಗ ‘ಗಳು’ ಬೇಕೆಂಬ ನಿರ್ಬಂಧವಿಲ್ಲ. ಪೋರ್ಚುಗೀಸ್ ಶಿಷ್ಟಭಾಷೆಯಲ್ಲಿ ಉಪಪದ, ನಾಮಪದ, ಗುಣವಾಚಕ ಎಲ್ಲಕ್ಕೂ ಬಹುವಚನದ ಗುರುತು ಬೇಕು. ಆದರೆ ಬ್ರೆಜಿಲಿನ ಜನಸಾಮಾನ್ಯರ ಮಾತಿನಲ್ಲಿ ಉಪಪದಕ್ಕೆ ಮಾತ್ರ ಗುರುತನ್ನಿಟ್ಟು ನಾಮಪದವನ್ನು ಏಕವಚನದ ರೂಪದಲ್ಲಿಯೇ ಬಿಡುವ ರೂಢಿಯಿದೆ. ವಯಸ್ಕರ ಶಿಕ್ಷಣಕ್ಕೆಂದು ಸಿದ್ಧವಾದ ಒಂದು ಪಠ್ಯವು ಈ ರೂಢಿಯನ್ನು ವಿವರಿಸಿದ್ದಕ್ಕೆ ೨೦೧೧ರಲ್ಲಿ ಆ ದೇಶದಲ್ಲಿ ದೊಡ್ಡ ವಾಗ್ವಾದವೇ ನಡೆಯಿತು. ಒಂದು ಸಕಾರದ ಇರವು ಇಲ್ಲವುಗಳ ಮೇಲೆ ಮಾತನಾಡುವವನ ವಿದ್ಯೆ, ವರ್ಗಗಳನ್ನು ಅಳೆಯುವ ಸಮಾಜ ಅದು. ನಮ್ಮ ವಿದ್ಯಾರ್ಥಿಯು ಶಿಷ್ಟರೂಪವನ್ನು ಕಲಿಯಲೇಬೇಕು. ಆದರೆ ಇನ್ನೊಂದನ್ನು ಅಜ್ಞಾನವೆಂದು ಕಲಿಸುವ ಹಕ್ಕು, ‘ಹತ್ತು ಪುಸ್ತಕ’ ಎನ್ನುವ ನಮಗಿಲ್ಲ.

೪

ಇನ್ನು ಪರಿಮಾಣದ ವಿಚಾರ. ನಮ್ಮ ಮುಖ್ಯ ಆಕ್ಷೇಪವಿರುವುದು ಇಲ್ಲಿ. ಲಿಂಗ ವಚನಗಳು ಅನಿವಾರ್ಯಗಳು. ಯಾವ ನಾಮಪದವನ್ನಾಡಿದರೂ ಅವುಗಳಲ್ಲೊಂದನ್ನು ಆಯ್ದೇ ಆಡಬೇಕು, ಅವು ನೆರೆಯ ಪದಗಳನ್ನೂ ತಮ್ಮಂತೆ ಬದಲಿಸುತ್ತವೆ. ಪರಿಮಾಣಕ್ಕೆ ಈ ಎರಡು ಲಕ್ಷಣಗಳೂ ಇಲ್ಲ. ‘ಕಾಜ’ ಎನ್ನುವುದೋ ‘ಕಜೀನ್ಯ’ (ಪುಟ್ಟ ಮನೆ) ಎನ್ನುವುದೋ ಆಡುವವನ ಇಚ್ಛೆ. ನಾಮಪದವು ಅಲ್ಪಾರ್ಥವಾಯಿತೆಂದು ಗುಣವಾಚಕವೂ ಅಲ್ಪಾರ್ಥವಾಗಬೇಕಾಗಿಲ್ಲ. ಲ್ಯಾಟಿನ್ ವೈಯಾಕರಣ ವಾರ್ರೋ ಮಾಡಿದ್ದ ಸಹಜ ಮತ್ತು ಐಚ್ಛಿಕ ಎಂಬ ವಿಭಾಗವನ್ನು ನೆನೆದು ಮಾತೊಸು ಕಾಮರ ಅವರು ಪರಿಮಾಣವನ್ನು ರೂಪಸಾಧನೆಯಿಂದ ಹೊರತೆಗೆದು ಪದಸಾಧನೆಗೆ ಸೇರಿಸಿದರು. ಅವರ ಮರಣದ ವರ್ಷವಾದ ೧೯೭೦ರಲ್ಲಿ ಪ್ರಕಟವಾದ, ಪೋರ್ಚುಗೀಸ್ ಭಾಷೆಯ ರಚನೆಯನ್ನು ಕುರಿತ ಗ್ರಂಥದಲ್ಲಿ ಈ ವಾದವಿದೆ.

ಮಹದರ್ಥಕಗಳಲ್ಲಿ ಇದಕ್ಕೆ ಇನ್ನೂ ಬಲವಾದ ಪ್ರಮಾಣ ದೊರೆಯುತ್ತದೆ. ಗೋಡೆಯೆಂಬ ‘ಪರೇದೆ’ ಸ್ತ್ರೀಲಿಂಗ. ಮಹಾಗೋಡೆಯೆಂಬ ‘ಪರೆದಾಂವ್’ ಪುಲ್ಲಿಂಗ. ಕೋಣೆಯೆಂಬ ‘ಸಾಲ’ ಸ್ತ್ರೀಲಿಂಗ, ಸಭಾಂಗಣವೆಂಬ ‘ಸಲಾಂವ್’ ಪುಲ್ಲಿಂಗ. ಸ್ತ್ರೀಯೆಂಬ ‘ಮುಲ್ಯೇರ್’ ಕೂಡ ‘ಮುಲ್ಯೆರಾಂವ್’ ಆದಾಗ ಪುಲ್ಲಿಂಗದ ಉಪಪದವನ್ನೇ ಪಡೆಯಬಲ್ಲುದು. ಪ್ರತ್ಯಯವು ತನ್ನದೇ ಲಿಂಗವನ್ನು ಹೊತ್ತು ತಂದು ಹೊಸ ಪದವನ್ನೇ ಸೃಷ್ಟಿಸುತ್ತಿದೆ. ಒಂದೇ ಪದದ ರೂಪಭೇದವು ಆ ಪದದ ಲಿಂಗವನ್ನು ಬದಲಿಸುವುದು ಸಾಧ್ಯವಿಲ್ಲವಷ್ಟೆ. ಅರ್ಥವೂ ಹಾಗೆಯೇ ದೂರ ಸರಿಯುತ್ತದೆ. ಪೆಟ್ಟಿಗೆಯೆಂಬ ‘ಕಾಯ್ಶ’ದಿಂದ ಬಂದ ‘ಕಯ್ಶಾಂವ್’ ಎಂದರೆ ಶವಪೆಟ್ಟಿಗೆ. ಮಾತೆಂಬ ‘ಪಲಾವ್ರ’ದಿಂದ ಬಂದ ‘ಪಲವ್ರಾಂವ್’ ಎಂದರೆ ದೊಡ್ಡ ಮಾತಲ್ಲ, ಬೈಗುಳ. ಪರಿಮಾಣವನ್ನು ವಚನದಂತೆಯೇ ಕಲಿತ ವಿದ್ಯಾರ್ಥಿ ‘ಪರೆದಾಂವ್’ ಪದಕ್ಕೆ ಸ್ತ್ರೀಲಿಂಗದ ಉಪಪದವನ್ನು ಹಚ್ಚಿದರೆ ಆ ತಪ್ಪು ಅವನದಲ್ಲ, ಅಧ್ಯಾಯದ ಏರ್ಪಾಡಿನದು.

ಬಾಗಿಲೆಂಬ ‘ಪೋರ್ತ’ದಿಂದ ಬಂದ ‘ಪೊರ್ತಾಂವ್’ ಪದಕ್ಕೆ ಕನ್ನಡದಲ್ಲಿ ‘ಹೆಬ್ಬಾಗಿಲು’ ಎಂಬ ಸಮಾನಪದವೇ ಇದೆ. ಹೆಬ್ಬಾಗಿಲು, ಹೆಮ್ಮರ, ಕಿರುಬೆರಳು ಮೊದಲಾದುವನ್ನು ನಮ್ಮ ವ್ಯಾಕರಣಗಳು ಸಮಾಸವೆಂದು ವಿವರಿಸುತ್ತವೆ. ಲಿಂಗ ವಚನಗಳ ಜೊತೆಗೆ ಅವನ್ನು ಯಾರೂ ಇಟ್ಟಿಲ್ಲ. ಪೋರ್ಚುಗೀಸ್ ಪಠ್ಯಗಳಿಗಿಲ್ಲದ ಈ ವಿವೇಕ ನಮ್ಮ ವಿದ್ಯಾರ್ಥಿಗೆ ಪರಂಪರೆಯಿಂದಲೇ ಬಂದಿದೆ. ಅದನ್ನು ಬಳಸಿಕೊಳ್ಳದೆ, ಎರವಲು ವರ್ಗೀಕರಣವನ್ನು ಅವನ ಮೇಲೆ ಹೇರುವುದೇಕೆ?

ಅಲ್ಪಾರ್ಥಕಗಳಲ್ಲಿ ಗಾತ್ರವು ಅನೇಕ ವೇಳೆ ಗೌಣ. ‘ಕಫೆಜೀನ್ಯು’ ಎಂದರೆ ಬ್ರೆಜಿಲಿನಲ್ಲಿ ಪುಟ್ಟ ಬಟ್ಟಲಿನ ಕಾಫಿಯೂ ಹೌದು, ಬಂದವರಿಗೆ ತೋರುವ ಆದರವೂ ಹೌದು. ಅದೇ ಪ್ರತ್ಯಯವು ಅಧ್ಯಾಪಕನೆಂಬ ಪದಕ್ಕೆ ಹತ್ತಿದಾಗ ತಾತ್ಸಾರವನ್ನು ಸೂಚಿಸಬಹುದು. ಈಗ ಎಂಬರ್ಥದ ‘ಅಗೋರ’ ಅವ್ಯಯವಾಗಿಯೂ ‘ಅಗೊರೀನ್ಯ’ ಆಗುತ್ತದೆ. ನಾಮಪದದ ಲಕ್ಷಣವೆಂದು ಕಲಿಸಿದ್ದು ನಾಮಪದದ ಎಲ್ಲೆಯನ್ನೇ ಮೀರಿತು. ಮತ್ತೊಂದು ಕಡೆ, ದ್ರಾಕ್ಷಾಮದ್ಯವೆಂಬ ‘ವೀನ್ಯು’, ಕೋಳಿಯೆಂಬ ‘ಗಲೀನ್ಯ’, ರಾಣಿಯೆಂಬ ‘ರಯೀನ್ಯ’ ಇವು ನೋಟಕ್ಕೆ ಅಲ್ಪಾರ್ಥಕಗಳಂತಿದ್ದರೂ ಅಲ್ಲ. ಲ್ಯಾಟಿನಿನಿಂದ ನೇರವಾಗಿ ಬಂದ ಪದಗಳು. ‘ಗಲೀನ್ಯ’ವು ಹುಂಜವೆಂಬ ‘ಗಾಲು’ವಿನ ಅಲ್ಪಾರ್ಥವೆಂದು ಒಬ್ಬ ವಿದ್ಯಾರ್ಥಿ ಊಹಿಸಿದರೆ ಯಾಂತ್ರಿಕ ಬೋಧನೆಯ ಫಲ ಅದೇ.

೫

ನಮ್ಮ ವಾದಕ್ಕೆ ಒಂದು ಪ್ರತಿವಾದವುಂಟು. ‘ಈನ್ಯು’ ಪ್ರತ್ಯಯವು ಹೆಚ್ಚುಕಡಿಮೆ ಎಲ್ಲ ನಾಮಪದಗಳಿಗೂ ಹತ್ತುವಷ್ಟು ವ್ಯಾಪಕವಾದುದು. ಅದರ ರೂಪನಿಯಮಗಳು ಲಿಂಗವಚನಗಳೊಡನೆ ಹೆಣೆದುಕೊಂಡಿವೆ. ಆದ್ದರಿಂದ ಒಟ್ಟಿಗೆ ಕಲಿಸುವುದೇ ಅನುಕೂಲ ಎಂದು ಹೇಳಬಹುದು. ಹೆಣೆದುಕೊಂಡಿರುವುದು ನಿಜ. ರೊಟ್ಟಿಯ ಅಲ್ಪಾರ್ಥವು ಬಹುವಚನದಲ್ಲಿ ‘ಪಾಂಯ್ಜೀನ್ಯುಸ್’ ಎಂದಾಗುವಾಗ ಬಹುವಚನವು ಪದದೊಳಗೊಮ್ಮೆ, ಕೊನೆಯಲ್ಲೊಮ್ಮೆ ಕಾಣುತ್ತದೆ. ಬ್ರೆಜಿಲಿನಲ್ಲಿ ‘ಪ್ರೊಬ್ಲೇಮ’ವು ‘ಪ್ರೊಬ್ಲೆಮೀನ್ಯ’ ಎಂದು ಅಕಾರವನ್ನುಳಿಸಿಕೊಂಡೂ ಪುಲ್ಲಿಂಗವಾಗಿಯೇ ಉಳಿಯುತ್ತದೆ. ಕವಿ ವಿನೀಸಿಯುಸ್ ದಿ ಮೊರಾಯಿಸ್ (೧೯೧೩–೧೯೮೦) ಅವರನ್ನು ಜನರು ಪ್ರೀತಿಯಿಂದ ‘ಉ ಪೊಯೆತೀನ್ಯ’ ಎಂದು ಕರೆದದ್ದು ಇದೇ ನಿಯಮದಂತೆ. ಆದರೆ ಈ ಹೆಣಿಗೆ ಅರ್ಥವಾಗಬೇಕಾದರೆ ಎಳೆಗಳು ಮೊದಲು ಬೇರೆಬೇರೆಯಾಗಿ ಪರಿಚಯವಾಗಿರಬೇಕು. ಲಿಂಗ ವಚನಗಳು ದೃಢವಾಗದೆ ‘ಪಾಂಯ್ಜೀನ್ಯುಸ್’ ರೂಪವನ್ನು ಬಿಡಿಸುವುದು ಯಾರಿಗೂ ಸಾಧ್ಯವಿಲ್ಲ. ಪ್ರತಿವಾದವು ನಮ್ಮ ಪಕ್ಷವನ್ನೇ ಸಮರ್ಥಿಸುತ್ತದೆ.

ಇಷ್ಟರಿಂದ ಬೋಧನಕ್ಕೆ ಅನ್ವಯಿಸುವ ಕೆಲವು ಸೂಚನೆಗಳನ್ನು ಮುಂದಿಡಬಹುದು. ನಾಮಪದವನ್ನು ಉಪಪದ ಗುಣವಾಚಕಗಳಿಲ್ಲದೆ ಒಂಟಿಯಾಗಿ ಎಂದಿಗೂ ಕಲಿಸಬಾರದು. ಲಿಂಗ ವಚನಗಳನ್ನು ಅನ್ವಯದ ಪಾಠವಾಗಿ ಜೊತೆಯಲ್ಲಿಯೇ ಕಲಿಸಬೇಕು. ಮಹದರ್ಥಕ, ಅಲ್ಪಾರ್ಥಕಗಳನ್ನು ಅನಂತರ, ಪದಸಾಧನೆಯ ಅಧ್ಯಾಯದಲ್ಲಿ, ವಾಕ್ಯಸಂದರ್ಭದೊಡನೆ ತರಬೇಕು. ಪರೀಕ್ಷೆಗಳಲ್ಲಿ ‘ಈ ಪದಗಳ ಅಲ್ಪಾರ್ಥಕ ಬರೆಯಿರಿ’ ಎಂಬ ಪ್ರಶ್ನೆಯನ್ನು ಕೈಬಿಟ್ಟು, ಒಂದು ಸಂಭಾಷಣೆಯಲ್ಲಿ ಬಂದ ಅಲ್ಪಾರ್ಥಕವು ಆದರವೋ ಅನಾದರವೋ ಎಂದು ಕೇಳಬೇಕು. ಎಲ್ಲಕ್ಕೂ ಮಿಗಿಲಾಗಿ, ಕನ್ನಡದ ‘ಮಗು’ವನ್ನೂ ‘ಹೆಬ್ಬಾಗಿಲ’ನ್ನೂ ತರಗತಿಯ ಹೊರಗೆ ನಿಲ್ಲಿಸಬಾರದು.

ಗೋವೆಯಲ್ಲಿ ಇಂದಿಗೂ ವಿಶ್ವವಿದ್ಯಾನಿಲಯದ ಮಟ್ಟದಲ್ಲಿ ಈ ಭಾಷೆಯ ಅಧ್ಯಯನ ನಡೆಯುತ್ತಿದೆ. ನಮ್ಮ ಕರಾವಳಿಯ ಚರಿತ್ರೆಯನ್ನು ಬರೆಯಲು ಅಗತ್ಯವಾದ ಎಷ್ಟೋ ದಾಖಲೆಗಳು ಪೋರ್ಚುಗೀಸಿನಲ್ಲಿವೆ. ಅವನ್ನು ಮೂಲದಲ್ಲಿಯೇ ಓದಬಲ್ಲ ಕನ್ನಡ ವಿದ್ವಾಂಸರು ಬೇಕು. ನಾಮಪದದ ಮೊದಲ ಅಧ್ಯಾಯದಲ್ಲಿಯೇ ಬೇಸತ್ತು ಹಿಂದಿರುಗುವ ವಿದ್ಯಾರ್ಥಿ ಆ ದಾಖಲೆಗಳವರೆಗೆ ಹೋಗುವುದೆಂತು? ಪಠ್ಯವನ್ನು ಸಿದ್ಧಪಡಿಸುವ ಅಧ್ಯಾಪಕರು ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಮೇಲಿನ ಸೂಚನೆಗಳನ್ನು ಪರಿಶೀಲಿಸಬೇಕೆಂದು ಕೋರುತ್ತೇವೆ.