ಗಳಗನಾಥರ ಗದ್ಯವೂ ಪುಸ್ತಕದ ಹೊರೆಯೂ

ಬರವಣಿಗೆಯಿಂದಲೇ ಹೊಟ್ಟೆ ಹೊರೆಯಬೇಕಾದವನ ಗ್ರಂಥಗಳನ್ನು ಯಾವ ಅಳತೆಗೋಲಿನಿಂದ ಅಳೆಯಬೇಕು? ಗಳಗನಾಥರ (೧೮೬೯–೧೯೪೨) ಕಾದಂಬರಿಗಳನ್ನು ಓದುವಾಗಲೆಲ್ಲ ಈ ಪ್ರಶ್ನೆಯು ಏಳುವದು. ಉಪಾಧ್ಯಾಯವೃತ್ತಿಯನ್ನು ತೊರೆದು ಬರವಣಿಗೆಯನ್ನೇ ನಂಬಿದ ಇವರು ತಮ್ಮ ಪುಸ್ತಕಗಳ ಹೊರೆಯನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಹರಿ ನಾರಾಯಣ ಆಪಟೆಯವರ ಮರಾಠಿ ಕಾದಂಬರಿಗಳನ್ನು ಕನ್ನಡಿಸಿದ್ದೇಕೆಂದು ಆಕ್ಷೇಪಿಸುವವರು ಈ ಹೊರೆಯನ್ನು ಮರೆಯಬಾರದು. ಎರವು ತಂದು ಓದಿ ದೋಷವೆಣಿಸುವದು ಸುಲಭವಷ್ಟೆ!

ಆದರೆ ಕನಿಕರವು ವಿಮರ್ಶೆಯಾಗಲಾರದು. ಇವರ ಗದ್ಯದಲ್ಲಿ ಉಪದೇಶವು ಎಷ್ಟೋ ಕಡೆ ಕಥೆಯ ಕಾಲಿಗೆ ತೊಡರುವದು; ‘ವಾಚಕರೇ’ ಎಂದು ಕೈಹಿಡಿದು ನಿಲ್ಲಿಸುವ ರೀತಿಯು ಒಮ್ಮೊಮ್ಮೆ ಬೇಸರ ತರುವದು. ಮನೆಯಲ್ಲಿ ಗಟ್ಟಿಯಾಗಿ ಓದಿದರೆ ಮಾತ್ರ ಅದೇ ರೀತಿಯು ಹಿತವೆನಿಸುವದು. ಕೊಳ್ಳುವವನನ್ನು ಅವನ ಹೊಸ್ತಿಲಲ್ಲಿಯೇ ಕಂಡ ಗ್ರಂಥಕರ್ತನು ಓದುಗನನ್ನು ದೂರದವನೆಂದು ಹೇಗೆ ಭಾವಿಸಿಯಾನು? ಗುಣದೋಷಗಳೆರಡಕ್ಕೂ ಬೇರು ಒಂದೇ ಎಂದು ನಮಗೆ ತೋರುವದು.

ವಿಜಯನಗರದ ಸ್ಥಾಪನೆಯನ್ನು ಕುರಿತ ‘ಮಾಧವ ಕರುಣಾ ವಿಲಾಸ’ದಲ್ಲಿಯೂ ಉಪದೇಶವಿಲ್ಲದೆ ಇಲ್ಲ. ಆದರೆ ಅಲ್ಲಿ ಅದು ಮಾಧವಾಚಾರ್ಯರ ಬಾಯಿಗೆ ಒಪ್ಪುವ ಮಾತಾಗಿ ಬರುವದು. ಗ್ರಂಥಕರ್ತರು ನಡುವೆ ಬಂದರೆಂಬ ಎಣಿಕೆಯೇ ಓದುಗನಿಗೆ ಉಳಿಯದು.