ನೆರಳು ಹೊಂದಿದ ಮೇಲೆ

ನೋಯ್ಡಾದ ಮನೆಯಲ್ಲಿ ಫೋಟೋಶಾಪ್ ಕಲಿಯುತ್ತಾ, ಅಜ್ಜನನ್ನು ಕಂಡೇ ಇರದ ಮಗಳನ್ನು ನನ್ನ ಅಪ್ಪನ ಹಳೆಯ ಫೋಟೋದೊಳಗೆ ಕೂರಿಸಿದೆ. ಮಾಸ್ಕ್, ನೆರಳು, ಬೆಳಕಿನ ದಿಕ್ಕು ಎಲ್ಲ ಹೊಂದಿದವು. ಆದರೂ ಸುಳ್ಳೆನಿಸಿತು. ಏಕೆಂದು ತಿಳಿದದ್ದು ದೆಹಲಿಯ ಕಲಾವಿದ ವಿವಾನ್ ಸುಂದರಂ ಅವರ 'ರೀಟೇಕ್ ಆಫ್ ಅಮೃತಾ' ಸರಣಿ ನೋಡಿದಾಗ.

ಚಿತ್ರಕಲಾವಿದೆ ಅಮೃತಾ ಶೇರ್-ಗಿಲ್ ತೀರಿಕೊಂಡದ್ದು 1941ರಲ್ಲಿ. ಅವರ ತಂಗಿಯ ಮಗ ವಿವಾನ್ ಹುಟ್ಟಿದ್ದು 1943ರಲ್ಲಿ. ಅಜ್ಜ ಉಮ್ರಾವ್ ಸಿಂಗ್ ತೆಗೆದಿದ್ದ ಫೋಟೋಗಳನ್ನು ಅವರು 2001ರ ಹೊತ್ತಿಗೆ ಕಂಪ್ಯೂಟರಿನಲ್ಲಿ ಬೆಸೆದರು. ಬೇರೆ ಬೇರೆ ಕಾಲದ ಮುಖಗಳು ಒಂದೇ ಚೌಕಟ್ಟಿನಲ್ಲಿ ಎದುರಾಗುತ್ತವೆ. ಬೆಸುಗೆ ನುಣುಪಾಗಿದೆ; ಆದರೆ ಈ ಭೇಟಿ ನಡೆದಿಲ್ಲವೆಂಬುದನ್ನು ಚಿತ್ರ ಮುಚ್ಚಿಡುವುದಿಲ್ಲ. ಅದೇ ಅದರ ಬಲ. ಕುಟುಂಬದ ಕತೆ ಗೊತ್ತಿಲ್ಲದವರಿಗೆ ಅರ್ಧವೇ ದಕ್ಕುತ್ತದೆ ಎಂಬುದು ಮಿತಿ.

ನನ್ನ ಫೈಲನ್ನು ಮತ್ತೆ ತೆರೆದೆ. ಅಪ್ಪ ಕಪ್ಪುಬಿಳುಪಿನಲ್ಲೇ ಇರಲಿ, ಮಗಳು ಬಣ್ಣದಲ್ಲೇ.