ಬಿಡುವು ಸಿಕ್ಕವರು, ಬಿಡುವಿಲ್ಲದವರು

“ಓದಬೇಕು ಅಂತ ಇದೆ, ಏನಾದರೂ ಬರೀಬೇಕು ಅಂತಲೂ ಇದೆ. ಆದರೆ ಟೈಮೇ ಸಿಗಲ್ಲ.” ಊರು ಬಿಟ್ಟು ಬಂದ ನಾವು ನಾಲ್ಕು ಜನ ಕನ್ನಡಿಗರು ಎಲ್ಲಿ ಸೇರಿದರೂ, ಅದು ಪುಣೆಯಾಗಲಿ ಹೈದರಾಬಾದಾಗಲಿ, ಬಾಡಿಗೆ ಮತ್ತು ಟ್ರಾಫಿಕ್ಕಿನ ವಿಚಾರ ಮುಗಿದ ಮೇಲೆ ಬರುವ ಮಾತು ಇದು. ಇದಕ್ಕೆ ಮದ್ದು ಹೇಳುವವರಿಗೂ ಕೊರತೆಯಿಲ್ಲ. ಬೆಳಿಗ್ಗೆ ಐದಕ್ಕೆ ಏಳಿ, ದಿನಕ್ಕೆ ಇಪ್ಪತ್ತು ಪುಟ ಓದಿ, ಗುಡ್‌ರೀಡ್ಸ್‌ನಲ್ಲಿ ವರ್ಷದ ಗುರಿ ಹಾಕಿಕೊಳ್ಳಿ, ವೆಬ್ ಸರಣಿಯನ್ನು ಒಂದೂವರೆ ಪಟ್ಟು ವೇಗದಲ್ಲಿ ನೋಡಿ ಮುಗಿಸಿ. ಈ ಸಲಹೆಗಳ ಹಿಂದೆಲ್ಲ ಒಂದೇ ನಂಬಿಕೆ ಇದೆ. ಗಂಟೆಗಳನ್ನು ಉಳಿಸಿದರೆ ಸಾಕು, ಸೃಜನಶೀಲತೆ ತಾನಾಗಿ ಬಂದು ಆ ಜಾಗದಲ್ಲಿ ಕೂರುತ್ತದೆ ಎಂಬ ನಂಬಿಕೆ.

ಇದರ ಬಗ್ಗೆ ನನಗೆ ಅನುಮಾನ ಹುಟ್ಟಿಸಿದವರು ಕನ್ನಡದ ಮೂವರು ಕತೆಗಾರರು: ಯಶವಂತ ಚಿತ್ತಾಲ, ವಿವೇಕ ಶಾನಭಾಗ, ಜಯಂತ ಕಾಯ್ಕಿಣಿ. ಮೂವರೂ ಉತ್ತರ ಕನ್ನಡ ಜಿಲ್ಲೆಯವರು. ಮೂವರೂ ಕಂಪನಿ ನೌಕರಿ ಮಾಡುತ್ತಲೇ ಬರೆದವರು. ಚಿತ್ತಾಲರು ಮುಂಬಯಿಯಲ್ಲಿ ಪಾಲಿಮರ್ ತಂತ್ರಜ್ಞರಾಗಿದ್ದರು, ಕಾಯ್ಕಿಣಿಯವರು ಅದೇ ಊರಿನಲ್ಲಿ ಬಯೋಕೆಮಿಸ್ಟ್ ಆಗಿದ್ದರು, ಶಾನಭಾಗರು ಎಂಜಿನಿಯರ್. ಇಷ್ಟೆಲ್ಲ ಕೆಲಸದ ನಡುವೆ ಹೇಗೆ ಬರೆದರು ಎಂದು ನಾವು ಬೆರಗಾಗುತ್ತೇವೆ. ಆದರೆ ಅವರ ದಿನಚರಿಗಿಂತ ಅವರ ಕತೆಗಳಲ್ಲಿ ಬಿಡುವು ಎಂಬುದು ಹೇಗೆ ಬರುತ್ತದೆ ಎನ್ನುವುದೇ ನನಗೆ ಹೆಚ್ಚು ಮುಖ್ಯವಾಗಿ ಕಂಡಿದೆ.

ಮೊದಲು ಚಿತ್ತಾಲರ ‘ಶಿಕಾರಿ’ (1979). ಇದನ್ನು ಕಾರ್ಪೊರೇಟ್ ಜಗತ್ತಿನ ಕ್ರೌರ್ಯದ ಕಾದಂಬರಿ ಎಂದು ಓದುವುದು ರೂಢಿ. ಆ ಓದು ತಪ್ಪಲ್ಲ. ಆದರೆ ಇನ್ನೊಂದು ದಿಕ್ಕಿನಿಂದ ನೋಡಿ. ನಾಗಪ್ಪ ರಾಸಾಯನಿಕ ಕಂಪನಿಯೊಂದರ ಅಧಿಕಾರಿ. ತಾನು ಮಾಡಿದ ತಪ್ಪೇನು ಎಂಬುದು ತಿಳಿಯದೆಯೇ, ವಿಚಾರಣೆ ನೆಪದಲ್ಲಿ ಅವನನ್ನು ಕೆಲಸದಿಂದ ದೂರ ಇಡುತ್ತಾರೆ. ಅಂದರೆ, ನಾವೆಲ್ಲ ಬಾಯಿಬಿಟ್ಟು ಬೇಡುವ ವಸ್ತು ಅವನಿಗೆ ಒಮ್ಮೆಲೇ ಸಿಕ್ಕಿಬಿಡುತ್ತದೆ. ಮೀಟಿಂಗ್ ಇಲ್ಲ, ಫೈಲ್ ಇಲ್ಲ, ದಿನವೆಲ್ಲ ಅವನದೇ. ಆ ದಿನಗಳಲ್ಲಿ ನಾಗಪ್ಪ ಮಾಡುವುದೇನು? ಯಾರು ಯಾವಾಗ ಏನು ಹೇಳಿದರು, ಯಾರ ನಗೆಯ ಹಿಂದೆ ಏನಿತ್ತು, ತನ್ನ ಬಾಲ್ಯದ ಯಾವ ಗುಟ್ಟು ಯಾರ ಕೈಗೆ ಸಿಕ್ಕಿರಬಹುದು ಎಂದು ಬಗೆದು ಬಗೆದು ನೋಡುತ್ತಾನೆ. ಅವನು ಆಫೀಸಿಗೆ ಹೋಗುತ್ತಿಲ್ಲ. ಆಫೀಸೇ ಅವನೊಳಗೆ ಬಂದು ಕೂತಿದೆ.

ಚಿತ್ತಾಲರ ಉದ್ದುದ್ದ, ತನ್ನನ್ನೇ ಮತ್ತೆ ಮತ್ತೆ ಪ್ರಶ್ನಿಸಿಕೊಳ್ಳುವ ವಾಕ್ಯಗಳು ಓದುಗರನ್ನು ದಣಿಸುತ್ತವೆ ಎಂಬ ದೂರು ಇದೆ. ನನಗೂ ಮಧ್ಯದ ಕೆಲವು ಭಾಗಗಳು ಅಗತ್ಯಕ್ಕಿಂತ ಎಳೆದಂತೆ ಅನಿಸುತ್ತವೆ. ಆದರೂ ಆ ದಣಿವಿಗೆ ಒಂದು ಅರ್ಥ ಇದೆ. ಭಾನುವಾರ ಮಧ್ಯಾಹ್ನ ಪುಸ್ತಕ ಬಿಚ್ಚಿಕೊಂಡು ಕೂತು, ಶುಕ್ರವಾರ ಮ್ಯಾನೇಜರ್ ಕಳಿಸಿದ ಎರಡು ಸಾಲಿನ ಮೇಲ್‌ಗೆ ಹತ್ತು ಅರ್ಥ ಹುಡುಕುವವರಿಗೆ ಆ ವಾಕ್ಯಗಳ ಗತಿ ಚೆನ್ನಾಗಿ ಗೊತ್ತು. ಬಿಡುವು ಇದ್ದೂ ಮನಸ್ಸು ಬಿಡುವಾಗದ ಸ್ಥಿತಿ ಅದು. ಬೆಳಿಗ್ಗೆ ಐದಕ್ಕೆ ಎದ್ದರೆ ಈ ರೋಗ ವಾಸಿಯಾಗುವುದಿಲ್ಲ. ಐದಕ್ಕೇ ಶುರುವಾಗುತ್ತದೆ, ಅಷ್ಟೆ.

ಶಾನಭಾಗರ ‘ಘಾಚರ್ ಘೋಚರ್’ ಕತೆಯಲ್ಲಿ ಬಿಡುವಿನ ಇನ್ನೊಂದು ಬಗೆ ಇದೆ. ನಿರೂಪಕ ಮನೆಯವರ ಸೋನಾ ಮಸಾಲಾ ಕಂಪನಿಗೆ ಹೆಸರಿಗೆ ಮಾತ್ರ ಡೈರೆಕ್ಟರ್. ಕೆಲಸವಿಲ್ಲ, ಸಂಬಳ ಬರುತ್ತದೆ. ದುಡಿಯುವವನು ಚಿಕ್ಕಪ್ಪ, ಅವನ ದುಡ್ಡಿನಿಂದ ಮನೆಯವರ ಬಿಡುವು. ಬೇಕಾದಷ್ಟು ಹೊತ್ತು ಕಾಫಿ ಹೌಸಿನಲ್ಲಿ ಕೂತಿರಬಹುದು. ನಮ್ಮಲ್ಲಿ ಹಲವರ ಕನಸಿನ ಬದುಕೇ ಇದು: ಹಣದ ಚಿಂತೆಯಿಲ್ಲ, ಎದುರಿಗೊಂದು ಲೋಟ ಕಾಫಿ, ಮುಂದೆ ಇಡೀ ದಿನ. ಆದರೆ ಈ ಮನುಷ್ಯ ಏನನ್ನೂ ಮಾಡುವುದಿಲ್ಲ, ಯಾವುದಕ್ಕೂ ಎದುರಾಡುವುದಿಲ್ಲ. ತನ್ನ ಬದುಕಿಗೆ ಅರ್ಥ ಬೇಕಾದಾಗಲೂ ವೆಯ್ಟರ್ ವಿನ್ಸೆಂಟನ ಮಾತಿಗೆ ಕಾಯುತ್ತಾನೆ.

ಇಡೀ ಕತೆಯಲ್ಲಿ ಯಾರಾದರೂ ಹೊಸದೊಂದನ್ನು ಹುಟ್ಟಿಸಿದ್ದಿದ್ದರೆ, ಅದು ‘ಘಾಚರ್ ಘೋಚರ್’ ಎಂಬ ಪದ. ಅದು ಯಾವ ನಿಘಂಟಿನಲ್ಲೂ ಇಲ್ಲ. ಹೆಂಡತಿ ಅನಿತಾ ಚಿಕ್ಕವಳಿದ್ದಾಗ ಅವಳ ಮನೆಯಲ್ಲಿ ಮಕ್ಕಳಾಟದಲ್ಲಿ ಹುಟ್ಟಿದ ಪದ. ಬಿಡಿಸಲಾಗದ ಗೋಜಲಿಗೆ ಇಟ್ಟ ಹೆಸರು. ನಿರೂಪಕನಿಗೆ ಅದು ಅವಳಿಂದ ಬಂದ ಕೊಡುಗೆ. ಆ ಪದವನ್ನು ಅವನು ಬಳಸಬಲ್ಲ, ಅಂಥದೊಂದನ್ನು ಕಟ್ಟಲಾರ. ಆ ಪದ ತಂದವಳೇ ಈ ಮನೆಯ ಸುಖ ಎಲ್ಲಿಂದ ಬಂತು ಎಂದು ಕೇಳುವವಳೂ ಹೌದು. ಹೊಸ ಪದ ಕಟ್ಟುವ ಶಕ್ತಿಗೂ ಕೆಟ್ಟದ್ದನ್ನು ಕೆಟ್ಟದ್ದು ಎನ್ನುವ ಧೈರ್ಯಕ್ಕೂ ನಂಟಿದೆ ಎಂದು ಶಾನಭಾಗರು ಎಲ್ಲೂ ಹೇಳುವುದಿಲ್ಲ, ಆದರೆ ಕತೆ ಹಾಗೆಯೇ ಹೆಣೆದುಕೊಂಡಿದೆ. ಸೃಜನಶೀಲತೆಯನ್ನು ನಾವು ವೀಕೆಂಡ್ ಹವ್ಯಾಸಗಳ ಪಟ್ಟಿಗೆ ಸೇರಿಸಿದ್ದೇವೆ. ಈ ಕತೆಯಲ್ಲಿ ಅದನ್ನು ಕಳೆದುಕೊಂಡ ಮನುಷ್ಯ ತನ್ನ ದನಿಯನ್ನೂ ಕಳೆದುಕೊಳ್ಳುತ್ತಾನೆ.

ಇನ್ನು ಕಾಯ್ಕಿಣಿ. ಇವರ ಮುಂಬಯಿ ಕತೆಗಳಲ್ಲಿ ಯಾರಿಗೂ ಬಿಡುವಿಲ್ಲ. ಸ್ಥಳವೂ ಇಲ್ಲ. ‘ನೋ ಪ್ರೆಸೆಂಟ್ಸ್ ಪ್ಲೀಸ್’ ಕತೆಯಲ್ಲಿ ಪೋಪಟ್ ಮತ್ತು ಅಸಾವರಿ ಲೋಖಂಡೆ ತಮ್ಮ ಮದುವೆಯ ಕಾಗದದ ಒಕ್ಕಣೆ ಮಾಡಲು ಹೊರಡುತ್ತಾರೆ. ಪೋಪಟ್ ಅನಾಥ, ಅವನಿಗೆ ಅಡ್ಡಹೆಸರಿಲ್ಲ. ಹಾಗಾಗಿ ಕಾಗದದಲ್ಲಿ ಹೆಸರು ಹೇಗಿರಬೇಕು ಎಂಬುದೇ ದೊಡ್ಡ ಪ್ರಶ್ನೆ. ಅವರು ಸಾಹಿತಿಗಳಲ್ಲ. ಆದರೆ ಒಂದು ಪದ ಇಡಬೇಕೆ ಬೇಡವೆ, ಇಟ್ಟರೆ ಓದಿದವರು ನಮ್ಮನ್ನು ಯಾರೆಂದುಕೊಂಡಾರು ಎಂದು ಅವರು ಪಡುವ ಪಾಡು ಯಾವ ಕವಿಯ ಪಾಡಿಗೂ ಕಡಿಮೆಯದಲ್ಲ. ‘ದಿನನಿತ್ಯದ ಸೃಜನಶೀಲತೆ’ ಎಂಬ ಮಾತಿಗೆ ನನ್ನ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಕನ್ನಡದಲ್ಲಿಲ್ಲ. ಈ ಕತೆಯ ಹೆಸರನ್ನೇ ಹೊತ್ತ, ತೇಜಸ್ವಿನಿ ನಿರಂಜನ ಅನುವಾದಿಸಿದ ಸಂಕಲನಕ್ಕೆ 2018ರ ಸಾಲಿನ ಡಿಎಸ್‌ಸಿ ಪ್ರಶಸ್ತಿ ಬಂದಾಗ ಮುಂಬಯಿಯ ಸಾಮಾನ್ಯ ಜನರ ಕತೆಗಾರ ಎಂಬ ಮೆಚ್ಚುಗೆ ಕೇಳಿಬಂತು. ಸಾಮಾನ್ಯ ಜನರು ಏನನ್ನಾದರೂ ಕಟ್ಟುತ್ತಿರುವಾಗ ಅವರನ್ನು ನೋಡಿದ ಕತೆಗಾರ ಎಂದರೆ ಇನ್ನಷ್ಟು ಸರಿಯಾದೀತು.

ಸಿನಿಮಾವನ್ನು ಕಾಯ್ಕಿಣಿ ನೋಡುವ ರೀತಿಯೂ ಇದಕ್ಕೆ ಹೊಂದಿಕೊಂಡೇ ಇದೆ. ಗಂಭೀರ ಓದುಗರಾದ ನಮಗೆ ಸಿನಿಮಾ, ಹಾಡು, ಸರಣಿಗಳೆಂದರೆ ಒಂದು ಅಳುಕು. ಒಳ್ಳೆಯ ಪುಸ್ತಕ ಓದಬಹುದಾಗಿದ್ದ ಹೊತ್ತು ಅಲ್ಲಿ ಸೋರಿಹೋಯಿತು ಎಂಬ ಲೆಕ್ಕ. ಕಾಯ್ಕಿಣಿಯವರ ಕತೆಗಳಲ್ಲಿ ಸಿನಿಮಾ ಸೋರುವ ಜಾಗವಲ್ಲ, ಜನ ದುಡಿಯುವ ಜಾಗ. ‘ತೂಫಾನ್ ಮೇಲ್’ ಕತೆಯವನು ಸ್ಟಂಟ್ ಮಾಡುವವನು: ಪರದೆಯ ಮೇಲೆ ಜಿಗಿಯುವ ಮೈ ಅವನದು, ಚಪ್ಪಾಳೆ ಇನ್ನೊಬ್ಬರ ಮುಖಕ್ಕೆ. ‘ಒಪೇರಾ ಹೌಸ್’ನ ಇಂದ್ರನೀಲ ಥಿಯೇಟರ್ ಗುಡಿಸುವವನು. ಪ್ರೇಕ್ಷಕರು ಮರೆತು ಹೋದ ವಸ್ತುಗಳಿಂದಲೇ ಅವನಿಗೆ ಅವರ ಪರಿಚಯ. ಶೋ ಮುಗಿದು ದೀಪ ಹತ್ತಿದ ಮೇಲೆ ಅವನ ಕತೆ ಶುರು.

ಇದೇ ಲೇಖಕ ‘ಮುಂಗಾರು ಮಳೆ’ಗೆ (2006) ಹಾಡು ಬರೆದು ಮನೆಮಾತಾದಾಗ, ಕತೆಗಾರನಿಗೆ ಇದೆಲ್ಲ ಏಕೆ ಎಂದು ಮೂಗು ಮುರಿದವರಿದ್ದರು. ನನಗೆ ಅದರಲ್ಲಿ ವಿರೋಧವೇನೂ ಕಾಣುವುದಿಲ್ಲ. ಸಿನಿಮಾ ಹಾಡೆಂದರೆ ಬಹುಮಟ್ಟಿಗೆ ಮೊದಲೇ ಕಟ್ಟಿದ ಟ್ಯೂನಿನೊಳಗೆ, ಯಾರದೋ ದೃಶ್ಯಕ್ಕೆ, ಹೇಳಿದ ದಿನದೊಳಗೆ ಮಾತು ಕೂರಿಸುವ ಕೆಲಸ. ಪೋಪಟ್ ಮತ್ತು ಅಸಾವರಿಗೆ ಇದ್ದುದೂ ಒಂದು ಕಾಗದದ ಅಳತೆಯೇ. ಕನ್ನಡಕ್ಕೆ ಈ ಕೊಡುಕೊಳೆ ಹೊಸದೂ ಅಲ್ಲ. 1967ರ ‘ಬೆಳ್ಳಿಮೋಡ’ದಲ್ಲಿ ಬೇಂದ್ರೆಯವರ ಕವಿತೆ ಕೇಳಿದವರು, ಪುಸ್ತಕದಲ್ಲಿ ಅದನ್ನು ಓದಿದವರಿಗಿಂತ ಎಷ್ಟೋ ಪಾಲು ಹೆಚ್ಚು.

ಒಂದು ತಕರಾರನ್ನೂ ಹೇಳಲೇಬೇಕು. ಕಾಯ್ಕಿಣಿಯವರ ಕೆಲವು ಕತೆಗಳಲ್ಲಿ ಮೃದುತ್ವ ತುಸು ಬೇಗ ಒದಗಿಬಿಡುತ್ತದೆ. ಹಸಿವು, ಒಂಟಿತನ, ಬಾಡಿಗೆಯ ಭಯ ಇವೆಲ್ಲ ಕೊನೆಯ ಪುಟದ ಒಂದು ಬೆಚ್ಚನೆಯ ಚಿತ್ರದಲ್ಲಿ ಕರಗುತ್ತವೆ. ಹಿಂಜವಡಿಯಿಂದ ಹವಾನಿಯಂತ್ರಿತ ಕ್ಯಾಬಿನಲ್ಲಿ ಮನೆಗೆ ಮರಳುತ್ತ ಇವನ್ನು ಓದುವ ನನ್ನಂಥವನಿಗೆ, ಬಿಡುವಿಲ್ಲದಿದ್ದರೂ ಬಡವರು ಎಷ್ಟು ಚಂದ ಬದುಕುತ್ತಾರೆ ಎಂದು ಕಣ್ಣೊರೆಸಿಕೊಂಡು ಸುಮ್ಮನಾಗುವುದು ಸುಲಭ. ಹಾಗೆ ಓದಬಾರದು. ಮುಂಬಯಿ ಲೋಕಲ್ಲಿನ ಮಹಿಳೆಯರ ಡಬ್ಬಿಯಲ್ಲಿ ಸಂಜೆ ತರಕಾರಿ ಹೆಚ್ಚುತ್ತ ಹೋಗುವವರಿಗೆ ಸಮಯ ನಿಜಕ್ಕೂ ಇಲ್ಲ. ಅವರ ಮುಂದೆ ‘ಸಮಯ ಇರುವುದು ಮನಸ್ಸಿನಲ್ಲಿ’ ಎನ್ನುವುದು ಅಹಂಕಾರದ ಮಾತು. ಗಂಟೆಗಳು ಬೇಕು. ಮನೆಗೆಲಸ ಹಂಚಿಕೊಳ್ಳುವವರು ಬೇಕು. ಗಂಟೆಗಳಷ್ಟೇ ಸಾಲವು ಎಂದು ನಾಗಪ್ಪ ಮತ್ತು ಕಾಫಿ ಹೌಸಿನ ಆಸಾಮಿ ತೋರಿಸುತ್ತಾರೆ.

ಹೊರನಾಡಿನಲ್ಲಿರುವ ನಮಗೆ ಇಲ್ಲೊಂದು ಅನುಕೂಲ ಇದೆ. ಅದನ್ನು ನಾವು ಕೊರತೆ ಎಂದೇ ಭಾವಿಸಿದ್ದೇವೆ. ನಮ್ಮ ಆಫೀಸು ಇಂಗ್ಲಿಷಿನಲ್ಲಿ, ಬೀದಿ ಮರಾಠಿಯಲ್ಲೋ ಹಿಂದಿಯಲ್ಲೋ ತಮಿಳಿನಲ್ಲೋ ನಡೆಯುತ್ತದೆ. ಕನ್ನಡದಲ್ಲಿ ನಮಗೆ ಡೆಡ್‌ಲೈನ್ ಇಲ್ಲ, ಅಪ್ರೈಸಲ್ ಇಲ್ಲ, ಯಾರೂ ಕನ್ನಡದಲ್ಲಿ ನಮಗೆ ಬೆದರಿಕೆಯ ಮೇಲ್ ಕಳಿಸುವುದಿಲ್ಲ. ನಾಗಪ್ಪನ ಒಳಗೆ ನುಗ್ಗಿದ ಆಫೀಸು ನಮ್ಮ ಕನ್ನಡದೊಳಗೆ ಇನ್ನೂ ಕಾಲಿಟ್ಟಿಲ್ಲ. ಹಾಗಿರುವಾಗ ವರ್ಷಕ್ಕೆ 24 ಕನ್ನಡ ಪುಸ್ತಕ ಎಂದು ಗುರಿ ಹಾಕಿಕೊಂಡು, ತಿಂಗಳ ಕೊನೆಗೆ ಎಷ್ಟಾಯಿತೆಂದು ಲೆಕ್ಕ ಒಪ್ಪಿಸುವುದು ನನಗೆ ವಿಚಿತ್ರವಾಗಿ ಕಾಣುತ್ತದೆ. ಆಫೀಸು ಮುಟ್ಟದೆ ಬಿಟ್ಟ ಒಂದೇ ಜಾಗಕ್ಕೆ ಅದರ ರಿಜಿಸ್ಟರನ್ನು ನಾವೇ ಹೊತ್ತುಕೊಂಡು ಹೋದಂತೆ. ಕ್ಯಾಬಿನಲ್ಲಿ ಒಂದು ಕತೆ ಓದಿ, ಅದರ ಒಂದು ಪದ ಮನಸ್ಸಿನಲ್ಲಿ ಉಳಿದು, ರಾತ್ರಿ ಅಮ್ಮನಿಗೆ ಫೋನ್ ಮಾಡುವಾಗ ಆ ಪದ ಬಾಯಿಗೆ ಬಂದರೆ ಅವತ್ತಿನ ಮಟ್ಟಿಗೆ ನನಗೆ ಅಷ್ಟು ಸಾಕು.